ಎದುರು ಮೂಲೆಯ ಗಾಲಿ

"ಜಾಕಿ ಉಲ್ಟಾ ತಿರುಗಿಸ್ತಿದ್ದೀರಿ," ಎಂದ ವೀರೇಂದ್ರ.

ಸೋಮಶೇಖರಪ್ಪನವರ ಕೈ ನಿಂತಿತು. ಏಳಬೇಕಾದ ಜೀಪು ಒಂದು ಬೆರಳಿನಷ್ಟು ಕೆಳಗಿಳಿದಿತ್ತು. ಕಾರ್ ಶೆಡ್ಡಿನ ಆಚೆ ಕಣದಲ್ಲಿ ಹೆಣ್ಣಾಳುಗಳು ಕಾಫಿ ಹಣ್ಣು ಎಳೆದು ಹರಡುವ ಸದ್ದು. ಅದೊಂದು ಬಿಟ್ಟರೆ ಬಾಳೂರಿನ ಆ ತೋಟದಲ್ಲಿ ಮಧ್ಯಾಹ್ನ ಉಸಿರು ಹಿಡಿದು ಕೂತಂತಿತ್ತು.

"ಗೊತ್ತು ಮಾರಾಯ್ರೆ. ನೀವು ಹೀಗೆ ಕಣ್ಣು ಬಿಟ್ಕೊಂಡು ನಿಂತ್ರೆ ಯಾರಿಗೆ ಕೈ ಓಡುತ್ತೆ?"

"ಸೆನ್ಸರ್ ಹಾಕಿದ ಆ ಭಾನುವಾರ ಓಡಿತ್ತಲ್ಲ."

"ಆವತ್ತು ಎದುರಿಗೆ ಇನ್ಶೂರೆನ್ಸ್ ಕಂಪನಿ ನಿಂತಿರಲಿಲ್ಲ. ನಮ್ಮಣ್ಣ ನಿಂತಿದ್ದ."

ಆ ಅಣ್ಣ ಜಯದೇವಪ್ಪ ಈಗ ಇಲ್ಲ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಯ ಇಳಿಜಾರಿನಲ್ಲಿ ಅವರ ಹೊರದೇಶದ ಕಾರು ಕಣಿವೆಗೆ ಉರುಳಿತ್ತು. ಬದುಕಿ ಉಳಿದ ಡ್ರೈವರ್ ನಿಂಗಯ್ಯ, ಬೇಕೆಂದೇ ಟೈರಿನ ಗಾಳಿ ತೆಗೆದು ಯಜಮಾನರನ್ನು ಕೊಂದನೆಂಬ ಆರೋಪ ಹೊತ್ತು ಚಿಕ್ಕಮಗಳೂರಿನ ಜೈಲಿನಲ್ಲಿದ್ದ. ನಾಳೆ ಅವನ ಜಾಮೀನು ಅರ್ಜಿ ಕೋರ್ಟಿಗೆ ಬರಲಿತ್ತು.

ವೀರೇಂದ್ರ ವಿಮಾ ಕಂಪನಿಯ ಸರ್ವೇಯರ್. ಕಂಪನಿಗೆ ಕೊಡಬೇಕಾದ ವರದಿ ಕೊಟ್ಟು ಅವನ ಕೆಲಸ ಮುಗಿದಿತ್ತು. ಆದರೂ, ಕಾರಿನ ಟೈರಿಗೆ ಗಾಳಿ ಅಳೆಯುವ ಹೊಸ ಸೆನ್ಸರ್ ಹಾಕಿದ್ದು ತಾನೇ ಎಂದಿದ್ದ ಸೋಮಶೇಖರಪ್ಪನವರಿಂದ ಅದನ್ನು ಮತ್ತೆ ಮಾಡಿಸಿ ನೋಡಲು ಬಂದಿದ್ದ. ಗೇಟಿನಾಚೆ ಮೋರಿಯ ಕಟ್ಟೆಯ ಮೇಲೆ ನಿಂಗಯ್ಯನ ಹೆಂಡತಿ ಅಣ್ಣಮ್ಮ ಕಾಯುತ್ತಿದ್ದಳು. ಇದೇ ತೋಟದಲ್ಲಿ ಹಣ್ಣು ಬಿಡಿಸುತ್ತಿದ್ದವಳನ್ನು ಯಜಮಾನರು ಸತ್ತ ಮೇಲೆ ಗೇಟಿನೊಳಗೆ ಬಿಡುತ್ತಿರಲಿಲ್ಲ.

ಪೊಲೀಸರಿಗೆ ಯಾವ ಗೊಂದಲವೂ ಇರಲಿಲ್ಲ. ಅಪಘಾತದ ಹಿಂದಿನ ದಿನ ಕಣದಲ್ಲಿ ಆಳುಗಳೆಲ್ಲ ನೋಡುತ್ತಿರುವಾಗ ಜಯದೇವಪ್ಪ ನಿಂಗಯ್ಯನ ಕೆನ್ನೆಗೆ ಬಾರಿಸಿದ್ದರು. ಮಾರನೆಯ ದಿನ ಎಡ ಹಿಂದಿನ ಟೈರು ಗಾಳಿಯಿಲ್ಲದೆ ಸೀಳಿ ಕಾರು ಬಿತ್ತು. ಎಚ್ಚರಿಕೆಯ ಕೆಂಪು ದೀಪ ಬಂದದ್ದನ್ನು ನೋಡಿದೆನೆಂದು ನಿಂಗಯ್ಯನೇ ಒಪ್ಪಿಕೊಂಡಿದ್ದ. ಕಾರಿನ ಪರದೆ ಬಲ ಮುಂದಿನ ಗಾಲಿ ತೋರಿಸಿತು, ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ಅದನ್ನು ತಟ್ಟಿ ನೋಡಿದೆ, ಗಾಳಿ ಸರಿಯಿತ್ತು, ಸೆನ್ಸರು ಮತ್ತೆ ಕೆಟ್ಟಿರಬೇಕೆಂದು ಹೊರಟೆ ಎಂದಿದ್ದ. ಅವನು ಬಗ್ಗಿ ನೋಡಿದ್ದನ್ನು ನೀರುದೋಸೆ ಹೋಟೆಲಿನವನೂ ಕಂಡಿದ್ದ. ಯಜಮಾನರು ಹಿಂದಿನ ಸೀಟಿನಲ್ಲಿ ಶಾಲು ಹೊದ್ದು ನಿದ್ದೆ ಹೋಗಿದ್ದರಂತೆ.

"ಹಿಂದಿನ ಟೈರಿಗೆ ಗಾಳಿ ಇಲ್ಲದಿದ್ರೆ ಮುಂದಿನ ದೀಪ ಯಾಕೋ ಉರಿಯುತ್ತೆ?" ಎಂದು ಇನ್ಸ್‌ಪೆಕ್ಟರ್ ನಕ್ಕಿದ್ದರು.

ಸೋಮಶೇಖರಪ್ಪ ಜಾಕಿಯನ್ನು ಸರಿ ತಿರುಗಿಸಿ, ಜೀಪಿನ ಬಲ ಮುಂದಿನ ಗಾಲಿ ಬಿಚ್ಚಿ, ಗೋಡೆಗೆ ಒರಗಿಸಿದರು. ಬಿಳಿ ಅಂಗಿಯ ತೋಳಿಗೆ ಗ್ರೀಸು ಮೆತ್ತಿತ್ತು. ಅದನ್ನು ಅವರು ಪದೇ ಪದೇ ನೋಡಿಕೊಳ್ಳುತ್ತಿದ್ದರು.

"ಜೀಪಿಗೆ ಸೆನ್ಸರ್ ಇಲ್ಲ. ಅದನ್ನ ಬಾಯಲ್ಲಿ ಹೇಳಿ. ಮನೇಲಿ ಹೇಗೆ ಬದಲಾಯಿಸಿದ್ರಿ?"

"ಎಂತ ಹೇಳೋದು? ಬಲಗಡೆ ಮುಂದಿನ ವೀಲಿಂದು ಕೆಟ್ಟಿತ್ತು. ಗಾಳಿ ಇದ್ರೂ ದೀಪ. ಅಣ್ಣನಿಗೆ ಆ ದೀಪ ಕಂಡ್ರೆ ಮೈ ಉರೀತಿತ್ತು. ಕೊಯ್ಲಿನ ಹೊತ್ತಲ್ಲಿ ಬೆಂಗಳೂರಿಗೆ ಕಾರು ಒಯ್ಯೋಕೆ ಪುರುಸೊತ್ತೆಲ್ಲಿ? ಅಲ್ಲಿನ ಅಂಗಡಿಯೋರು ಹಳೇ ಸೆನ್ಸರಿನ ಗುರುತಿನ ನಂಬರನ್ನೇ ಹೊಸದಕ್ಕೆ ತುಂಬಿ ಕೊರಿಯರ್ ಮಾಡಿದ್ರು. ಮನೇಲೇ ಹಾಕಿದ್ರು."

"ಹಾಕಿದ್ರು?"

"ಹಾಕಿದೆ." ಸೋಮಶೇಖರಪ್ಪ ಕರವಸ್ತ್ರ ತೆಗೆದು ಕೈ ಒರೆಸಿದರು. "ಗಾಳಿ ಪೂರ್ತಿ ಬಿಟ್ಟೆ. ವೀಲನ್ನ ನೆಲಕ್ಕೆ ಮಲಗಿಸಿ, ಟೈರಿನ ಅಂಚಿನ ಮೇಲೆ ಜಾಕಿ ಇಟ್ಟು, ಜೀಪಿನ ಬಂಪರಿಗೆ ಒತ್ತಿ ಏರಿಸ್ದೆ. ಟೈರು ರಿಮ್ಮಿಂದ ಬಿಟ್ಕೊಳ್ತು. ಒಳಗೆ, ಗಾಳಿ ಹೊಡೆಯೋ ವಾಲ್ವಿನ ಬುಡದಲ್ಲೇ ಕೂತಿರುತ್ತೆ ಸೆನ್ಸರು. ಬೆಂಕಿಪೊಟ್ಟಣದಷ್ಟು. ಹೊರಗಿನ ನಟ್ಟು ಬಿಚ್ಚಿ ಹಳೇದು ತೆಗೆದೆ, ಹೊಸದು ಕೂರಿಸ್ದೆ. ಸೋಪಿನ ನೀರು ಸವರಿ ಟೈರು ಹಾಕಿ ಗಾಳಿ ಹೊಡೆದೆ. ಮುಗೀತು."

"ವಾಷರ್?"

"ಯಾವ ವಾಷರ್?"

ವೀರೇಂದ್ರ ಗೋಡೆಯ ಹಲಗೆಯತ್ತ ನಡೆದ. ಮೈಲುತುತ್ತದ ಚೀಲ, ಹಳೆಯ ಸ್ಪಾರ್ಕ್ ಪ್ಲಗ್ಗುಗಳ ಡಬ್ಬಿ, ಅವುಗಳ ನಡುವೆ ಒಂದು ಪುಟ್ಟ ರಟ್ಟಿನ ಪೆಟ್ಟಿಗೆ. ಬಂದ ಕೂಡಲೇ ಅದು ಅವನ ಕಣ್ಣಿಗೆ ಬಿದ್ದಿತ್ತು. ಅದನ್ನು ಅಂಗೈ ಮೇಲೆ ಬೋರಲು ಹಾಕಿದ. ಬಾಯಿ ತೆರೆಯದ ಪ್ಲಾಸ್ಟಿಕ್ ಪೊಟ್ಟಣ ಬಿತ್ತು. ಒಳಗೆ ಕಪ್ಪು ರಬ್ಬರಿನ ಬಳೆ.

"ಹೊಸ ಸೆನ್ಸರಿನ ಜೊತೆ ಹೊಸ ವಾಷರ್ ಬರುತ್ತೆ. ಇದು ಪೊಟ್ಟಣದಲ್ಲೇ ಉಳಿದಿದೆ. ಹಾಕಿದವರು ಹಳೇ ವಾಷರೇ ಸಾಕು ಅಂದ್ಕೊಂಡ್ರು. ಗಾಳಿ ಯಾರೂ ತೆಗೀಲಿಲ್ಲ ಸೋಮಶೇಖರಪ್ಪನೋರೆ. ಅದು ತಾನಾಗೇ ಸಣ್ಣಗೆ ಸೋರ್ತಾ ಇತ್ತು."

ಸೋಮಶೇಖರಪ್ಪ ಆ ರಬ್ಬರಿನ ಬಳೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅವರ ತುಟಿಯ ಒಂದು ಕಡೆ ಸಣ್ಣ ನಗು ಮೂಡಿತು.

"ಸೋರಿದ್ರೆ ಮುಂದಿನ ವೀಲು ಸೋರಬೇಕಿತ್ತು. ಸೀಳಿದ್ದು ಹಿಂದಿಂದು. ನಿಮ್ಮ ಮಾತು ನಿಮಗೇ ಕೂಡ್ತಾ ಇಲ್ಲವಲ್ಲ?"

"ಆ ವೀಲು ಮುಂದೆ ಇರಲಿಲ್ಲ."

ನಗು ಹಾಗೇ ಉಳಿಯಿತು, ಆದರೆ ಕಣ್ಣು ಬದಲಾಯಿತು.

"ನಿನ್ನೆ ಠಾಣೆ ಅಂಗಳದಲ್ಲಿ ಬಿದ್ದಿರೋ ಕಾರಿಗೆ ಬೇರೆ ಬ್ಯಾಟರಿ ಕೊಟ್ಟೆ," ಎಂದ ವೀರೇಂದ್ರ. "ಬಲಗಡೆ ಮುಂದಿನ ವೀಲು ಗಟ್ಟಿಯಾಗೇ ಇತ್ತು. ಅದರ ಗಾಳಿ ಬಿಟ್ಟೆ. ಪರದೆ ಮೇಲೆ ಕೆಂಪಾಗಿದ್ದು ಎಡಗಡೆ ಹಿಂದಿನ ವೀಲು. ಕಾರಿಗೆ ಕಣ್ಣಿಲ್ಲ. ಯಾವ ಸೆನ್ಸರ್ ಯಾವ ಮೂಲೇದು ಅಂತ ಒಂದು ಸಲ ನೆನಪಿಟ್ಕೊಂಡಿರುತ್ತೆ. ವೀಲು ಆಚೀಚೆ ಹೋದ್ರೂ, ನಾವು ತಿದ್ದೋವರೆಗೆ ಹಳೇ ಜಾಗಾನೇ ತೋರಿಸ್ತಿರುತ್ತೆ. ಮುಂದಿನ ಬಲದ್ದು ಹಿಂದಿನ ಎಡಕ್ಕೆ ಹೋಗಿದೆ, ಅಲ್ಲಿಂದು ಇಲ್ಲಿಗೆ ಬಂದಿದೆ. ಎದುರು ಮೂಲೆಗೆ. ಹಿಂದಿನ ಎಡ ನಿಮ್ಮಣ್ಣ ಕೂರೋ ಮೂಲೆ."

ಕಣದಲ್ಲಿ ಯಾರೋ ನಕ್ಕರು. ಮೇಸ್ತ್ರಿ ಗದರಿಸಿದ್ದು ಕೇಳಿಸಿತು.

"ಅದೇ ಜಾಗಕ್ಕೇ ಹಾಕಿದ್ದೆ," ಎಂದರು ಸೋಮಶೇಖರಪ್ಪ. ಮರುಕ್ಷಣ ದನಿ ಏರಿತು. "ನೀನು ಬಸವರಾಜಪ್ಪನ ಮಗ ಅಲ್ವೇನೋ? ಮಾರ್ಕೆಟ್ ರಸ್ತೇಲಿ ಬೆಲ್ಲ ತೂಗೋನ ಮಗ. ನಮ್ಮಪ್ಪನ ಹತ್ರ ಕೈಕಟ್ಟಿ ನಿಲ್ತಿದ್ರು ನಿಮ್ಮೋರು. ಇವತ್ತು ನನ್ನ ಶೆಡ್ಡಲ್ಲಿ ನಿಂತು, ನಾನು ಅಣ್ಣನ್ನ ಕೊಂದೆ ಅಂತೀಯಾ?"

"ಹಾಗೆ ಅನ್ನಲಿಲ್ಲ. ಬಿಚ್ಚಿದ ವೀಲನ್ನ ಹಾಕಿ ತೋರಿಸಿ ಅಂತೀನಿ ಅಷ್ಟೆ."

ಸೋಮಶೇಖರಪ್ಪ ಸಿಟ್ಟಿನಲ್ಲಿ ಗಾಲಿಯನ್ನು ಉರುಳಿಸಿಕೊಂಡು ಬಂದರು. ಎರಡು ಸಲ ಜಾರಿತು. ಮೂರನೆಯ ಸಲ ಮೊಣಕಾಲು ಕೊಟ್ಟು, ಎಲ್ಲಿಂದ ಬಿಚ್ಚಿದ್ದರೋ ಅಲ್ಲಿಗೇ, ಬಲ ಮುಂದಿನ ಜಾಗಕ್ಕೇ ಕೂರಿಸಿದರು.

"ಅಲ್ಲಿಗಲ್ಲ ಸೋಮು."

ಇಬ್ಬರೂ ತಿರುಗಿದರು. ಶೆಡ್ಡಿನ ಬಾಗಿಲಲ್ಲಿ ಜಯದೇವಪ್ಪನವರ ಹೆಂಡತಿ ಕಲ್ಲಮ್ಮ ಕಾಫಿಯ ತಟ್ಟೆ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಕಾಫಿಯ ಮೇಲೆ ಕೆನೆ ಕಟ್ಟಿತ್ತು.

"ಬಿಚ್ಚಿದ ವೀಲು ಬಿಚ್ಚಿದ ಜಾಗಕ್ಕೆ ಹೋಗಬಾರದು. ಎದುರು ಮೂಲೆಗೆ ಹೋಗ್ಬೇಕು. ಮಾವನೋರ ಕಾಲದಿಂದ ಈ ಶೆಡ್ಡಲ್ಲಿ ಹಾಗೇ ಅಲ್ವಾ?"

ಅವರು ಅದನ್ನು ಹೇಳಿದ ರೀತಿಯಲ್ಲಿ ಯಾವ ಗುಟ್ಟೂ ಇರಲಿಲ್ಲ. ಒಗ್ಗರಣೆಗೆ ಸಾಸಿವೆ ಮೊದಲು ಎನ್ನುವಷ್ಟು ಸಹಜವಾಗಿ ಹೇಳಿದರು. ಘಾಟಿಯ ತಿರುವುಗಳಲ್ಲಿ ಟೈರುಗಳು ಒಂದೇ ಕಡೆ ಸವೆಯುತ್ತವೆಂದು ಹಿರಿಯ ಯಜಮಾನರು ಮಾಡಿದ ಕಟ್ಟಳೆ. ಪಂಕ್ಚರ್ ಆಗಲಿ, ಬ್ರೇಕಿನ ಕೆಲಸವಾಗಲಿ, ಯಾವ ಕಾರಣಕ್ಕೆ ಗಾಲಿ ಬಿಚ್ಚಿದರೂ ಹಾಕುವಾಗ ಎದುರು ಮೂಲೆಗೆ. ಆ ಶೆಡ್ಡಿನಲ್ಲಿ ಕೈ ಕೊಳೆ ಮಾಡಿಕೊಂಡವರೆಲ್ಲರಿಗೂ ಅದು ಯೋಚಿಸದೆ ಬರುತ್ತಿತ್ತು. ಮೈಸೂರಿನಲ್ಲಿ ಓದಿ, ಚಿಕ್ಕಮಗಳೂರಿನಲ್ಲಿ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸಿನ ಮೇಜಿನ ಹಿಂದೆ ಕೂತ ಸೋಮಶೇಖರಪ್ಪನವರ ಕೈಗೆ ಮಾತ್ರ ಬಂದಿರಲಿಲ್ಲ.

"ಅತ್ತಿಗೆ, ನೀವು ಒಳಗೆ ಹೋಗಿ."

ಕಲ್ಲಮ್ಮ ಅಲುಗಲಿಲ್ಲ.

"ನೀವು ಆ ಕೆಲಸ ಮಾಡಲೇ ಇಲ್ಲ," ಎಂದ ವೀರೇಂದ್ರ.

ಸೋಮಶೇಖರಪ್ಪ ಜೀಪಿನ ಮಡ್‌ಗಾರ್ಡಿನ ಮೇಲೆ ಕೂತರು. ಸಿಟ್ಟೆಲ್ಲ ಸೋರಿಹೋಗಿತ್ತು. "ಅರ್ಧ ನೋಡಿದ್ದೆ. ಊಟ ಆದ ಮೇಲೆ ಟೌನಿಗೆ ಹೊರಟೆ."

"ಮಾಡಿದ್ದು ಯಾರು?"

ಕಲ್ಲಮ್ಮ ಮೈದುನನ ಮುಖ ನೋಡದೆ ಹೇಳಿದರು: "ಅವರೇ."

ಜಯದೇವಪ್ಪನವರೇ. ಹಳೆಯ ವಾಷರು ಸಾಕೆಂದದ್ದೂ ಅವರೇ. ಅಪ್ಪನ ಕಟ್ಟಳೆಯಂತೆ ಸೋರುವ ಗಾಲಿಯನ್ನು ಒಯ್ದು ತಾವು ಕೂರುವ ಮೂಲೆಗೆ ಬಿಗಿದದ್ದೂ ಅವರೇ.

"ಪೊಲೀಸರಿಗೆ ನಾನೇ ಮಾಡಿದೆ ಅಂದೆ," ಎಂದರು ಸೋಮಶೇಖರಪ್ಪ. "ಇನ್ನೇನು ಹೇಳ್ಲಿ? ತನ್ನ ಸಾವು ತಾನೇ ಬಿಗಿದ್ಕೊಂಡ ಅಂತ ಊರೆಲ್ಲಾ ಆಡ್ಕೋಬೇಕಾ? ಸತ್ತವನ ತಲೆ ಮೇಲೆ ತಪ್ಪು ಹಾಕೋದಾ?"

"ಅದಕ್ಕೆ ನಿಂಗಯ್ಯನ ತಲೆ ಮೇಲೆ ಹಾಕಿದ್ರಿ."

ಅವರು ತಲೆ ತಗ್ಗಿಸಿದರು.

ವೀರೇಂದ್ರನ ಲೆಕ್ಕ ಕೂಡಿತು. ಕೊಲೆಗಾರನೇ ಇಲ್ಲ. ಒಂದು ಹಳೆಯ ರಬ್ಬರು, ಒಂದು ಮನೆಯ ರೂಢಿ, ಅಷ್ಟೆ. ನಿಂಗಯ್ಯ ಹೇಳಿದ್ದೆಲ್ಲ ಸತ್ಯ. ದೀಪ ತೋರಿಸಿದ ಗಾಲಿಯನ್ನೇ ಅವನು ನೋಡಿದ್ದ. ದೀಪವೇ ತಪ್ಪು ಗಾಲಿ ತೋರಿಸಿತ್ತು.

"ಅಮ್ಮಾ, ಇಷ್ಟನ್ನ ನೀವು ಪೊಲೀಸರ ಮುಂದೆ ಹೇಳಿ ಸಾಕು. ನಿಂಗಯ್ಯ ಮನೆಗೆ ಬರ್ತಾನೆ."

ಕಲ್ಲಮ್ಮ ಕಾಫಿಯ ತಟ್ಟೆಯನ್ನು ಜೀಪಿನ ಬಾನೆಟ್ಟಿನ ಮೇಲಿಟ್ಟರು.

"ಬರಲ್ಲ," ಎಂದರು.

"ಯಾಕೆ?"

"ನೀವು ಪೂರ್ತಿ ಕೇಳಿಲ್ಲ." ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಆವತ್ತು ಯಜಮಾನರೊಬ್ಬರೇ ವೀಲು ಎತ್ತೋಕೆ ಆಗುತ್ತಾ? ಸೊಂಟ ನೋವಿನೋರು. ಎತ್ತಿ ಹಿಡಿದೋನು ನಿಂಗಯ್ಯ. ನಟ್ಟು ಬಿಗಿದೋನೂ ಅವನೇ."

"ನಿಂಗಯ್ಯ ಆವತ್ತು ಇಲ್ಲಿರಲಿಲ್ಲ ಅಮ್ಮಾ. ಕಳಸದಲ್ಲಿ ಅಕ್ಕನ ಮನೇಲಿದ್ದೆ ಅಂದಿದ್ದಾನೆ."

"ಹಾಗಂದ್ನಾ?" ಕಲ್ಲಮ್ಮ ಬೆರಳಿಗೆ ಸುತ್ತಿದ್ದ ಸೆರಗು ಬಿಚ್ಚಿದರು. "ನಾನು ಸ್ಟೇರಿಂಗ್ ಮುಂದೆ ಕೂತು ಪರದೆ ನೋಡಿ ಹೇಳ್ತಿದ್ದೆ. ಎಲ್ಲಾ ಹಾಕಿ ಆದ್ಮೇಲೆ ಪರೀಕ್ಷೆಗೆ ಅಂತ ಇವರು ಹಿಂದಿನ ವೀಲಿಂದ ಚೂರು ಗಾಳಿ ಬಿಟ್ರು. ಬಲಗಡೆ ಮುಂದಿಂದು ಕೆಂಪಾಯ್ತು ಅಂದೆ. ಇವರಿಗೆ ನಗು. 'ನೋಡೋ ನಿಂಗಯ್ಯ, ಇಷ್ಟು ದೊಡ್ಡ ಕಾರಿಗೆ ಮುಂದೆ ಯಾವ್ದು ಹಿಂದೆ ಯಾವ್ದು ಗೊತ್ತಿಲ್ಲ. ಇನ್ನು ಬಲ ಮುಂದೆ ಅಂತ ತೋರಿಸಿದ್ರೆ ನೀನು ಎಡ ಹಿಂದೆ ನೋಡು' ಅಂದ್ರು. ಅವನೂ ನಕ್ಕ. 'ಆಯ್ತು ಅಯ್ಯಾ, ಉಲ್ಟಾ ನೋಡ್ತೀನಿ' ಅಂದ."

ಸೋಮಶೇಖರಪ್ಪ ತಲೆ ಎತ್ತಿದರು. ಅವರಿಗೂ ಇದು ಗೊತ್ತಿರಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು.

ಕೊಟ್ಟಿಗೆಹಾರದಲ್ಲಿ ನಿಂಗಯ್ಯ ಕೆಳಗಿಳಿದ. ಎಲ್ಲಿ ನೋಡಬೇಕೆಂದು ಅವನಿಗೆ ಗೊತ್ತಿತ್ತು. ಹೋಟೆಲಿನವನ ಕಣ್ಣೆದುರು, ನೋಡಬಾರದ ಗಾಲಿಯನ್ನು ಬಗ್ಗಿ, ತಟ್ಟಿ ನೋಡಿದ. ನಿದ್ದೆ ಹೋದ ಯಜಮಾನರನ್ನು ಹಿಂದೆ ಕೂರಿಸಿಕೊಂಡು ಘಾಟಿ ಇಳಿದ.

"ಅವನೂ ಅದೇ ಕಾರಲ್ಲಿದ್ನಲ್ಲ," ಎಂದ ವೀರೇಂದ್ರ. ದನಿ ತನಗೇ ಅಪರಿಚಿತವೆನಿಸಿತು. "ತಾನೂ ಸಾಯ್ತೀನಿ ಅಂತ ಗೊತ್ತಿರಲ್ವಾ? ಮರೆತಿರಬಹುದು."

"ಮರೆತಿರಬಹುದು. ನನಗೂ ಹಾಗೇ ಅಂದ್ಕೋಬೇಕು ಅನ್ಸುತ್ತೆ. ಆದ್ರೆ ಕಳಸಕ್ಕೆ ಹೋಗಿದ್ದೆ ಅಂತ ಯಾಕೆ ಅಂದ?"

ಬೆಳಿಗ್ಗೆ ಜೈಲಿನಲ್ಲಿ ನಡೆದದ್ದು ವೀರೇಂದ್ರನಿಗೆ ಈಗ ಬೇರೆಯಾಗಿ ಕಂಡಿತು. ಕಂಬಿಯ ಆಚೆ ನಿಂಗಯ್ಯ ಕೂತಿದ್ದ. "ಗಾಲಿ ಅದಲುಬದಲಾಗಿತ್ತು ನಿಂಗಯ್ಯ, ಕಾರು ನಿನಗೆ ಸುಳ್ಳು ಹೇಳ್ತು," ಎಂದು ವೀರೇಂದ್ರ ಸಂಭ್ರಮದಿಂದ ಹೇಳಿದ್ದ. ನಿಂಗಯ್ಯ ನೆಲ ನೋಡುತ್ತಾ "ಹೌದಾ ಸರ್" ಎಂದಿದ್ದ. ಯಾರು ಅದಲುಬದಲು ಮಾಡಿದ್ದೆಂದು ಅವನು ಕೇಳಲಿಲ್ಲ. ಜೈಲಿನ ಬಳಲಿಕೆ ಎಂದುಕೊಂಡು ವೀರೇಂದ್ರ ಆ ಮೌನವನ್ನು ದಾಟಿ ಬಂದಿದ್ದ.

"ಇಷ್ಟು ದಿನ ಯಾಕೆ ಹೇಳಲಿಲ್ಲ ಅಮ್ಮಾ? ಸೋಮಶೇಖರಪ್ಪನೋರಿಗಾಗಿಯಾ?"

"ಇವನಿಗಾಗಿ ಅಲ್ಲ. ನಿಂಗಯ್ಯನಿಗಾಗಿ." ಕಲ್ಲಮ್ಮ ಕಣದತ್ತ ನೋಡಿದರು. "ಆ ಏಟು ನಾನೂ ನೋಡ್ದೆ, ಜಗುಲಿ ಮೇಲೆ ನಿಂತು. ಅವರ ಜೊತೆ ಇಷ್ಟು ವರ್ಷ ಬಾಳಿದೋಳು. ಆ ಕೈ ಹೇಗಿರುತ್ತೆ ಅಂತ ನನ್ನ ಕೆನ್ನೆಗೂ ಗೊತ್ತು."

ಸೋಮಶೇಖರಪ್ಪ ಮುಖ ಆಚೆ ತಿರುಗಿಸಿದರು.

"ನಾನು ಬಾಯಿ ಮುಚ್ಕೊಂಡಿದ್ರೆ ಪೊಲೀಸರ ಹತ್ರ ಏನಿದೆ? ಒಂದು ಏಟು, ಒಂದು ಟೈರು. ಇವತ್ತಲ್ಲ ನಾಳೆ ಬಿಡ್ತಾರೆ ಅಂದ್ಕೊಂಡಿದ್ದೆ. ನೀವು ವೀಲಿನ ಮಾತು ತಂದ್ರಿ. ಈಗ ಅದನ್ನ ಕೋರ್ಟಲ್ಲಿ ಎತ್ತಿದ್ರೆ, ಹಾಕಿದ್ದು ಯಾರು, ಹಿಡ್ಕೊಂಡೋರು ಯಾರು ಅಂತ ನನ್ನ ಕೇಳ್ತಾರೆ. ಕೇಳಿದ್ರೆ ನಾನು ಸುಳ್ಳು ಹೇಳಲ್ಲ. ಗುರುಗಳ ಮುಂದೆ ಲಿಂಗ ಕಟ್ಟಿಸ್ಕೊಂಡ ಮೈ ಇದು. ಕೇಳಬೇಡಿ. ಕೇಳದೇ ಇದ್ರೆ ಹೇಳಲ್ಲ. ನನ್ನಿಂದ ಆಗೋದು ಅಷ್ಟೇ."

ಬಾನೆಟ್ಟಿನ ಮೇಲಿನ ಕಾಫಿ ತಣ್ಣಗಾಗಿತ್ತು. ವೀರೇಂದ್ರ ರಬ್ಬರಿನ ಬಳೆಯ ಪೊಟ್ಟಣವನ್ನು ಪೆಟ್ಟಿಗೆಗೆ ಹಾಕಿ, ಎಲ್ಲಿಂದ ತೆಗೆದಿದ್ದನೋ ಅಲ್ಲಿಗೇ, ಮೈಲುತುತ್ತದ ಚೀಲದ ಪಕ್ಕ ಇಟ್ಟ. ನಾಳೆ ಗಾಲಿಯ ಮಾತು ಯಾರೂ ಎತ್ತದಿದ್ದರೆ ಸಾಕು. ಹುಡುಕಿ ತಂದದ್ದನ್ನು ಹೂತುಬಿಡಬೇಕು.

ಅದು ಸರಿಯೇ ಎಂದು ಅವನು ತನ್ನನ್ನು ಕೇಳಿಕೊಳ್ಳಲಿಲ್ಲ. ಕೇಳಿಕೊಂಡರೆ ಗೇಟಿನವರೆಗೆ ನಡೆಯಲು ಆಗುತ್ತಿರಲಿಲ್ಲ.

ಅಣ್ಣಮ್ಮ ಮೋರಿಯ ಕಟ್ಟೆಯಿಂದ ಎದ್ದು ನಿಂತಳು. ಮಧ್ಯಾಹ್ನ ಇಲ್ಲಿ ಇಳಿಸುವಾಗ ಅವನು ಅವಳಿಗೆ ಎಲ್ಲ ಹೇಳಿಬಿಟ್ಟಿದ್ದ. ನಿನ್ನ ಗಂಡ ಸುಳ್ಳು ಹೇಳಿಲ್ಲ, ಗಾಲಿಯೇ ಜಾಗ ಬದಲಿಸಿತ್ತು ಎಂದು. ಆ ಮಾತು ಅವಳ ಮುಖದಲ್ಲಿ ಇನ್ನೂ ಹಾಗೇ ಇತ್ತು. ಹಳೆಯ ಸೀರೆಯ ನೆರಿಗೆ ಸರಿಮಾಡಿಕೊಂಡು, ತಲೆಗೂದಲು ಒತ್ತಿಕೊಂಡು, ಹಬ್ಬಕ್ಕೆ ಹೊರಟವಳಂತೆ ನಿಂತಿದ್ದಳು.

"ಆಯ್ತಾ ಸರ್? ಒಪ್ಕೊಂಡ್ರಾ?"

"ಅಣ್ಣಮ್ಮ, ಒಂದು ಕೇಳ್ತೀನಿ. ಕಳಸದಲ್ಲಿರೋ ನಿಂಗಯ್ಯನ ಅಕ್ಕನ ಹೆಸರೇನು?"

"ಅಕ್ಕನಾ?" ಅವಳು ನಕ್ಕಳು. "ಅವ್ರಿಗೆ ಅಕ್ಕ ತಂಗಿ ಯಾರೂ ಇಲ್ಲ ಸರ್. ಒಬ್ರೇ ಮಗ." ಆಮೇಲೆ ಅವನ ಮುಖ ನೋಡಿ ನಗು ನಿಲ್ಲಿಸಿದಳು. "ಯಾಕೆ, ಸಾಕ್ಷಿಗೆ ಬೇಕಿತ್ತಾ? ಬೇಕಿದ್ರೆ ಹೇಳಿ. ನಮ್ಮ ಕಡೆಯೋರು ಯಾರಾದ್ರೂ ಅಕ್ಕ ಅಂತ ಬಂದು ನಿಲ್ತಾರೆ."

ವೀರೇಂದ್ರ ಗೇಟಿನ ಕಂಬಕ್ಕೆ ಕೈ ಊರಿ ನಿಂತ.

"ಅಣ್ಣಮ್ಮ, ನಾನು ಮಧ್ಯಾಹ್ನ ಹೇಳಿದ ವೀಲಿನ ವಿಷಯ ಯಾರ ಹತ್ರಾನೂ ಹೇಳಬೇಡ. ನಾಳೆ ಕೋರ್ಟು ಮುಗಿಯೋವರೆಗೆ."

ಅಣ್ಣಮ್ಮನ ಕಣ್ಣಿನಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದವರ ಭಯವಿರಲಿಲ್ಲ. ಬಹುಮಾನಕ್ಕೆ ಕಾದವರ ಹೊಳಪಿತ್ತು.

"ಹೇಳಿಬಿಟ್ನಲ್ಲ ಸರ್. ನೀವು ಒಳಗೆ ಹೋದ ಕೂಡ್ಲೇ ಅಂಗಡಿ ಫೋನಿಂದ ನಮ್ಮ ಲಾಯರ್ ಸುಪ್ರಿಯಾ ಮೇಡಮ್ಮೋರಿಗೆ ಹೇಳ್ದೆ. ಅವ್ರಿಗಂತೂ ಖುಷಿಯೋ ಖುಷಿ. ಆವತ್ತು ವೀಲು ಹಾಕುವಾಗ ಮನೇಲಿದ್ದೋರು ಕಲ್ಲಮ್ಮೋರು ತಾನೆ, ಅವ್ರ ಹೇಳಿಕೆ ಇವತ್ತೇ ಬರೆಸ್ಕೊಳ್ಳಿ ಅಂತ ಇನ್ಸ್‌ಪೆಕ್ಟರಿಗೆ ಅವ್ರೇ ಫೋನ್ ಮಾಡಿದ್ರಂತೆ. ಕಲ್ಲಮ್ಮೋರು ಸುಳ್ಳು ಹೇಳೋರಲ್ಲ ಸರ್. ದೇವ್ರಂಥೋರು."

ಕೆಳಗಿನ ತಿರುವಿನಲ್ಲಿ ಎಂಜಿನ್ನಿನ ಸದ್ದು ಏರಿತು. ಸಿಲ್ವರ್ ಮರಗಳ ನಡುವೆ ಪೊಲೀಸ್ ಜೀಪು ಕಾಣಿಸಿತು, ಮರೆಯಾಯಿತು, ಮತ್ತೆ ಕಾಣಿಸಿತು. ಆಳು ಓಡಿ ಬಂದು ಗೇಟು ಹಾರುಹೊಡೆದ.

ಜೀಪು ಕೆಂಪು ಧೂಳೆಬ್ಬಿಸಿ ಒಳಗೆ ಹೋಗುವಾಗ ಅಣ್ಣಮ್ಮ ರಸ್ತೆಯ ಬದಿಗೆ ಸರಿದು, ಅದಕ್ಕೆ ಎರಡೂ ಕೈ ಜೋಡಿಸಿ ಮುಗಿದಳು.